ಕೂರಲು ಬಾರದ ಬೂಟು

ನಸುಕು ಹರಿಯುವ ಮೊದಲು ನನ್ನ ಹೆಂಡತಿ ದುರುಗಮ್ಮ ಮಾಡುವ ಕೆಲಸಗಳು ಇವು: ಬೀದಿಯ ತಿರುವಿನ ನಲ್ಲಿಯಿಂದ ಎಂಟು ಕೊಡ ನೀರು ತರುವುದು (ನಲ್ಲಿ ನಾಲ್ಕೂವರೆಗೆ ಬಂದು ಐದೂವರೆಗೆ ನಿಂತುಬಿಡುತ್ತದೆ), ಅಂಗಳ ಗುಡಿಸಿ ನೀರು ಚಿಮುಕಿಸಿ ರಂಗೋಲಿ ಎಳೆಯುವುದು, ಒಲೆಯ ಬೂದಿ ತೆಗೆದು ಬೆಂಕಿ ಮಾಡುವುದು, ಅದೇ ಬೂದಿಯಲ್ಲಿ ರಾತ್ರಿಯ ಪಾತ್ರೆ ತಿಕ್ಕುವುದು, ಜೋಳದ ಹಿಟ್ಟು ನಾದಿ ಹನ್ನೆರಡು ರೊಟ್ಟಿ ಬಡಿಯುವುದು (ಅದರಲ್ಲಿ ಆರು ನನ್ನವು), ನನ್ನ ತಾಯಿಯ ಮೊಣಕಾಲಿಗೆ ಔಡಲೆಣ್ಣೆ ಬಿಸಿ ಮಾಡಿ ತಿಕ್ಕುವುದು, ಕೊನೆಗೆ ಚಹಾ ತಂದು ನನ್ನನ್ನು ಎಬ್ಬಿಸುವುದು. ಈ ಪಟ್ಟಿ ನನಗೆ ಬಾಯಿಪಾಠ. ಏಕೆಂದರೆ ಅಷ್ಟು ಹೊತ್ತೂ ನಾನು ಎಚ್ಚರವಾಗಿಯೇ ಇರುತ್ತೇನೆ. ಏಳುವುದಿಲ್ಲ, ಅಷ್ಟೆ.

ಇಷ್ಟು ಮುಗಿಸಿ ಆಕೆ ಕೆಲಸಕ್ಕೆ ಹೋಗುತ್ತಾಳೆ. ರಾಯಚೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆಕೆ ಡ್ರಿಲ್ ಟೀಚರು. ಮುನ್ನೂರು ಹುಡುಗಿಯರನ್ನು ಒಂದು ಸೀಟಿಗೆ ಎಡಕ್ಕೂ ಇನ್ನೊಂದು ಸೀಟಿಗೆ ಬಲಕ್ಕೂ ತಿರುಗಿಸುತ್ತಾಳೆ. ಮನೆಯಲ್ಲಿ ಸೀಟಿ ಊದುವ ಅಧಿಕಾರ ಮಾತ್ರ, ಧರ್ಮಕ್ಕನುಸಾರವಾಗಿ, ನನ್ನ ಬಳಿಯೇ ಇತ್ತು.

ಎಪ್ಪತ್ತೊಂಬತ್ತರ ಡಿಸೆಂಬರಿನಲ್ಲಿ ಆಕೆಗೊಂದು ಸರ್ಕಾರಿ ಕಾಗದ ಬಂತು. ಉತ್ತರದ ಹಿಮದ ಗುಡ್ಡಗಳಲ್ಲಿ ಮಹಿಳಾ ಡ್ರಿಲ್ ಟೀಚರುಗಳಿಗೆ ಮೂರು ವಾರ ಸ್ಕೀ ತರಬೇತಿ. ಸ್ಕೀ ಎಂದರೆ ಕಾಲಿಗೆ ಎರಡು ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವುದು. ನಮ್ಮ ಊರಲ್ಲಿ ಹಿಮವೆಂದರೆ ಸೋಡಾ ಅಂಗಡಿಯಲ್ಲಿ ಹೊಟ್ಟು ಮುಚ್ಚಿ ಇಟ್ಟಿರುವ ಐಸುಗಡ್ಡೆ. ಡಿಸೆಂಬರಿನಲ್ಲೂ ಮಧ್ಯಾಹ್ನ ನಾವು ನೆರಳು ಹುಡುಕುವವರು. ಇಡೀ ಜಿಲ್ಲೆಯಿಂದ ಆಯ್ಕೆಯಾದವಳು ದುರುಗಮ್ಮ ಒಬ್ಬಳೇ. ದೇವದುರ್ಗದ ಕಡೆಯ ಅರಕೇರಾದಲ್ಲಿ ಕುರಿಯ ಹಿಂದೆ ಕಲ್ಲುಗುಡ್ಡ ಹತ್ತಿಳಿದು ಬೆಳೆದವಳು. ಆ ಕಾಲನ್ನು ಸರ್ಕಾರ ಹೇಗೆ ಪತ್ತೆಹಚ್ಚಿತೋ!

ಕಾಗದದ ಕೊನೆಯಲ್ಲಿ ಒಂದು ಸಾಲಿತ್ತು. ಶಿಬಿರದಲ್ಲಿರುವ ಬೂಟುಗಳೆಲ್ಲ ಗಂಡಸರ ಅಳತೆಯವು. ಆದ್ದರಿಂದ ಅಭ್ಯರ್ಥಿಗಳು ತಮ್ಮ ಕಾಲಿಗೆ ಸರಿಹೊಂದುವ ಬೂಟು ತರತಕ್ಕದ್ದು. ಬೂಟು ಸರಿಹೊಂದದವರನ್ನು ಹಿಮಕ್ಕೆ ಇಳಿಸಲಾಗುವುದಿಲ್ಲ. ಅಂಥವರು ಶಿಬಿರದ ಇತರ ಕೆಲಸಗಳಲ್ಲಿ ಸಹಕರಿಸತಕ್ಕದ್ದು.

ದುರುಗಮ್ಮ ಆ ಸಾಲನ್ನು ಎರಡು ಸಲ ಗಟ್ಟಿಯಾಗಿ ಓದಿದಳು.

"ಇತರ ಕೆಲಸ ಅಂದ್ರ ಏನು, ಗೊತ್ತಾತೇನ್ರಿ?"

"ಏನು?"

"ರೊಟ್ಟಿ. ಎರಡು ದಿನ ರೈಲಿನ್ಯಾಗ ಕುಂತು ಹೋಗಿ, ಹಿಮದಾಗ ನಾನು ರೊಟ್ಟಿ ಬಡೀಬೇಕು."

ಬೂಟು ತಪ್ಪಿದರೆ ಆಕೆಗೆ ಆಗುವ ನಷ್ಟ ಇದು. ನನಗೆ ಆಗ ಅದು ಅಷ್ಟೇನೂ ಭಯಂಕರವಾಗಿ ಕಾಣಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ.

ತೀನ್ ಕಂದೀಲ್ ಚೌಕದ ಹತ್ತಿರ ಬೂಟಿನ ಅಂಗಡಿ ಇಟ್ಟ ಸತ್ತಾರ್ ಸಾಬ್ ನಮಗೆ ಪರಿಚಯ. ಅವರ ಸಂಬಂಧಿಕರೊಬ್ಬರು ಸಿಕಂದರಾಬಾದಿನಲ್ಲಿ ಮಿಲಿಟರಿಯವರು ಹರಾಜಿಗೆ ಹಾಕಿದ ಸಾಮಾನು ಮಾರುವವರು. ಅಲ್ಲಿಂದ ಎರಡು ಜೊತೆ ಸ್ಕೀ ಬೂಟು ತರಿಸಿಕೊಟ್ಟರು. ಒಂದು ಕಂದು ಬಣ್ಣದ್ದು, ಎಂಟನೇ ನಂಬರು, ಮೆತ್ತನೆಯ ಚರ್ಮ. ಇನ್ನೊಂದು ಕರಿಯದು, ಐದನೇ ನಂಬರು, ಮರದ ಪೆಟ್ಟಿಗೆಯಷ್ಟು ಬಿರುಸು. ಬೆರಳಿನಿಂದ ಬಡಿದರೆ ಟಕ್ ಟಕ್ ಅನ್ನುತ್ತಿತ್ತು.

ದುರುಗಮ್ಮ ಕಾಗದದ ಜೊತೆ ಬಂದಿದ್ದ ಸೂಚನೆಗಳನ್ನು ಓದಿ ಹೇಳಿದಳು. ನೆಟ್ಟಗೆ ನಿಂತಾಗ ಕಾಲ್ಬೆರಳು ಬೂಟಿನ ಮುಂದಕ್ಕೆ ಸ್ವಲ್ಪ ತಗಲಬೇಕು. ಮೊಣಕಾಲು ಮುಂದಕ್ಕೆ ಬಗ್ಗಿಸಿದರೆ ಬೆರಳು ಹಿಂದಕ್ಕೆ ಸರಿಯಬೇಕು. ಹಿಮ್ಮಡಿ ಏಳಬಾರದು. ಕಾಲುಚೀಲ ಒಂದೇ ಜೊತೆ. ಬೂಟು ಸುಲಭಕ್ಕೆ ಬಗ್ಗಿದರೆ ಹಲಗೆ ಮಾತು ಕೇಳುವುದಿಲ್ಲ.

ಸತ್ತಾರ್ ಸಾಬ್ ಕನ್ನಡಕ ತೆಗೆದರು. "ಅರೆ ಅಲ್ಲಾ! ಮೂವತ್ತು ವರ್ಷ ಆತು ಅಂಗಡಿ ಇಟ್ಟು. ಬಿಗಿ ಇರ್ಲಿ, ಬಗ್ಗಬಾರದು ಅಂದ ಗಿರಾಕಿ ನೀವೇ ಪೈಲಾ, ಟೀಚರಮ್ಮ. ಎರಡೂ ಒಯ್ಯಿರಿ. ಮನ್ಯಾಗ ಹಾಕ್ಕೊಂಡು ನೋಡ್ರಿ. ಶುಕ್ರವಾರ ಬ್ಯಾಡಾದ್ದು ವಾಪಸ್ ತರ್ರಿ. ಆದ್ರ ಒಂದು ಕಲಿ ಬಿತ್ತು ಅಂದ್ರ ಅದು ನಿಮ್ದೇ, ಹಾಂ!"

ಬೂಟು ಆಕೆಯ ಸಂಬಳದ್ದು, ಆಯ್ಕೆ ಮನೆಯವರೆಲ್ಲರದು. ನಮ್ಮಲ್ಲಿ ಪದ್ಧತಿ ಹಾಗೆ. ಸೋಮವಾರ ಸಂಜೆ ಪಡಸಾಲೆಯಲ್ಲಿ ಎರಡೂ ಜೊತೆಗಳನ್ನು ಮಣೆಯ ಮೇಲಿಟ್ಟು ನಾನು ತೀರ್ಪು ಕೊಟ್ಟೆ.

"ಕಂದು ಜೋಡಿ ಇರ್ಲಿ. ಕಾಲು ಆರಾಮ ಇರ್ತದ. ಸಡಿಲ ಆದ್ರ ನಾಕು ಕಾಲುಚೀಲ ಹಾಕ್ಕೊ, ಮುಂದ ಹತ್ತಿ ತುರುಕು. ಒಂದು ಸಾಮಾನು ಮನಿಗೆ ಬಂತು ಅಂದ್ರ ಎಲ್ಲರಿಗೂ ಆಗಬೇಕು."

"ಎಲ್ಲರಿಗೂ ಅಂದ್ರ ಯಾರಿಗ್ರಿ? ಅತ್ತಿ ಬೂಟು ಹಾಕ್ಕೊಂತಾರೇನು?"

(ನನ್ನ ಕಾಲಿನ ನಂಬರು ಎಂಟು. ಅದು ಕೇವಲ ಕಾಕತಾಳೀಯ.)

ನನ್ನ ತಾಯಿ ಬೂದೆಮ್ಮ ಗೋಡೆಗೆ ಒರಗಿ ಮೊಣಕಾಲು ಒತ್ತಿಕೊಳ್ಳುತ್ತಿದ್ದಳು. "ನನ್ನ ಕಾಲಿಗೆ ಎಣ್ಣಿ ಸಾಕು ಬೇ," ಎಂದಳು.

ಮಂಗಳವಾರ ನಸುಕಿನಲ್ಲಿ ದುರುಗಮ್ಮ ಕಂದು ಬೂಟು ಹಾಕಿಕೊಂಡು ಕೆಲಸಕ್ಕಿಳಿದಳು. ಒಂದು ತಾಸು ಕಾಲಿಗೆ ಹಾಕಿ ನೋಡದೆ ಬೂಟಿನ ಗುಣ ತಿಳಿಯುವುದಿಲ್ಲವೆಂದು ಸೂಚನೆಯಲ್ಲಿತ್ತಂತೆ. ಆಕೆಗೆ ಬಿಡುವಾದ ಒಂದು ತಾಸು ಎಂಬುದು ಹಗಲಿನಲ್ಲೆಲ್ಲೂ ಇರಲಿಲ್ಲ. ಕಂಬಳಿಯೊಳಗಿಂದ ನಾನು ಕಿವಿಗೊಟ್ಟು ಪರೀಕ್ಷಿಸಿದೆ. ಕೊಡ ಬಂತು, ಪೊರಕೆ ಆಡಿತು, ಪಾತ್ರೆ ಸದ್ದಾಯಿತು, ರೊಟ್ಟಿ ಪಟಪಟ ಎಂದಿತು, ಚಹಾ ವೇಳೆಗೆ ಸರಿಯಾಗಿ ಬಂತು. ಬೂಟು ಪಾಸು.

"ಹಿಮ್ಮಡಿ ಏಳ್ತದ," ಎಂದಳು ದುರುಗಮ್ಮ. "ಗಡಿಗ್ಯಾಗ ಸೌಟು ಆಡಿದಂಗ ಕಾಲು ಆಡ್ತದ."

"ಆದ್ರ ಎಲ್ಲಾ ಕೆಲಸ ಆತಲ್ಲ?"

"ಆತು. ಅದಕ್ಕ ಬೂಟು ಬೇಕಿರ್ಲಿಲ್ಲ."

ಬುಧವಾರ ಕರಿಯ ಬೂಟಿನ ಸರದಿ. ನಲ್ಲಿಗೆ ಹೋಗಿ ಬರುವವರೆಗೆ ಟಕ್ ಟಕ್ ಎಂಬ ಸದ್ದಿತ್ತು. ಆಮೇಲೆ ಅಡುಗೆಮನೆಯಲ್ಲಿ ಸದ್ದೇ ಇಲ್ಲ. ಆ ನಿಶ್ಶಬ್ದ ಎಷ್ಟು ಭಯಂಕರವಾಗಿತ್ತೆಂದರೆ, ಹನ್ನೊಂದು ವರ್ಷಗಳ ದಾಂಪತ್ಯದಲ್ಲಿ ಮೊದಲ ಬಾರಿಗೆ ನಾನು ಚಹಾಕ್ಕಿಂತ ಮೊದಲು ಎದ್ದೆ.

ದುರುಗಮ್ಮ ಒಲೆಯ ಮುಂದೆ ಕಂಬದಂತೆ ನಿಂತಿದ್ದಳು. ಮೊಣಕಾಲನ್ನು ಒಂದಿಷ್ಟು ಮುಂದಕ್ಕೆ ಬಗ್ಗಿಸುವುದು, ಕಣ್ಣು ಮುಚ್ಚುವುದು, ಮತ್ತೆ ನೆಟ್ಟಗಾಗುವುದು. ಮುಖದಲ್ಲಿ ದೇವರ ಮುಂದೆ ನಿಂತವರ ಕಳೆ.

"ಏನಾತು ದುರುಗಿ?"

"ಬೆರಳು ಹಿಂದ ಸರೀತು! ಕಾಗದದಾಗ ಬರದಂಗೇ ಸರೀತು ನೋಡ್ರಿ! ಹಿಮ್ಮಡಿ ಮಿಸುಕವಲ್ದು."

"ಭಾಳ ಸಂತೋಷ. ಚಹಾ?"

"ಒಲಿ ಹಚ್ರಿ. ಇದ್ರಾಗ ನನಗ ಕುಂದ್ರಾಕ ಬರಂಗಿಲ್ಲ."

ನಿಜವಾಗಿಯೂ ಬರುತ್ತಿರಲಿಲ್ಲ. ಕುಕ್ಕುರುಗಾಲಿನಲ್ಲಿ ಕೂರಲು ಹೋದರೆ ಬೂಟಿನ ನಾಲಿಗೆ ಮೊಣಕಾಲ ಕೆಳಗಿನ ಎಲುಬಿಗೆ ಒತ್ತಿ ಆಕೆಯನ್ನು ಮತ್ತೆ ಎತ್ತಿ ನಿಲ್ಲಿಸುತ್ತಿತ್ತು. ಚಕ್ಕಳಮಕ್ಕಳವಂತೂ ದೂರದ ಮಾತು. ಆಗ ನನಗೆ ಒಂದು ಸಂಗತಿ ಹೊಳೆಯಿತು. ನಮ್ಮ ಮನೆಯ ಒಲೆ ನೆಲದ ಮೇಲಿದೆ. ರಂಗೋಲಿ ನೆಲದ ಮೇಲೆ. ಪಾತ್ರೆ ತಿಕ್ಕುವ ಕಲ್ಲು ನೆಲದ ಮೇಲೆ. ರೊಟ್ಟಿ ಬಡಿಯುವ ಪರಾತ, ಅಮ್ಮನ ಮೊಣಕಾಲು, ಎಲ್ಲವೂ ನೆಲದ ಮಟ್ಟದಲ್ಲಿ. ಇಡೀ ಮನೆಯಲ್ಲಿ ನೆಲದಿಂದ ಮೇಲೆದ್ದು ನಿಂತ ವಸ್ತುವೆಂದರೆ ನನ್ನ ಕುರ್ಚಿ ಒಂದೇ. ದುರುಗಮ್ಮ ಅದರ ಮೇಲೆ ಕೂತಳು.

"ಕಟ್ಟಿಗಿ ಚಿಪಾಟಿ ಸಣ್ಣವು ಕೆಳಗಿಡ್ರಿ. ಹಂಗಲ್ಲ. ಊದ್ರಿ. ಮಾರಿ ಆಕಡಿ ಮಾಡಿ ಊದ್ರಿ!"

ನಾನು ಊದಿದೆ. ಹೊಗೆ ನನ್ನ ಕಣ್ಣಿಗೇ ಬಂತು. ಗುರುವಾರವೂ ಕರಿಯ ಬೂಟು, ಗುರುವಾರವೂ ನಾನು. ಅಂದು ಪಾತ್ರೆಗಳು ಸೇರಿಕೊಂಡವು. ಕಚೇರಿಯಲ್ಲಿ ಫೈಲಿನ ಮೇಲೆ ನನ್ನ ಬೆರಳಿನ ಬೂದಿ ಮೂಡಿದ್ದನ್ನು ಕಂಡು ಸಾಹೇಬರು, "ಏನ್ ಕನಕರಾಯ, ಸ್ವಾಮಿಗೋಳ ಕಡೆಯಿಂದ ಅಂಗಾರ ತಂದೀ?" ಎಂದರು.

ಕೂರಲು ಬಾರದ ಬೂಟು ಸಂಸಾರಕ್ಕೆ ಯೋಗ್ಯವಲ್ಲ. ಆದರೆ ಅದನ್ನು ದುರುಗಮ್ಮನಿಗೆ ಹೇಳುವ ಧೈರ್ಯ ಬೂದಿ ಮೆತ್ತಿದ ಬೆರಳಿಗಿರಲಿಲ್ಲ. ಬುದ್ಧಿಗೆ ಮಾತ್ರ ಬೂದಿ ಮೆತ್ತಿರಲಿಲ್ಲ. ಅಂದು ಮಧ್ಯಾಹ್ನ ಊಟಕ್ಕೆ ಬಂದಾಗ ಆಕೆ ಶಾಲೆಯಲ್ಲಿದ್ದಳು, ಅಮ್ಮ ಪಕ್ಕದ ಮನೆಗೆ ಹೋಗಿದ್ದಳು. ಸತ್ತಾರ್ ಸಾಬರ ಮಾತು ನೆನಪಾಯಿತು: ಕಲೆ ಬಿದ್ದರೆ ನಿಮ್ಮದೇ. ನಮ್ಮ ಕಡೆ ಹೊಸ ಚಪ್ಪಲಿ ತಂದರೆ ಮೆತ್ತಗಾಗಲೆಂದು ಔಡಲೆಣ್ಣೆ ಕುಡಿಸುವುದು ವಾಡಿಕೆ. ಹಾಗಾದರೆ ಕಂದು ಬೂಟಿಗೆ ಎಣ್ಣೆ ಕುಡಿಸಿದವನನ್ನು ಯಾರೂ ಕಳ್ಳ ಎನ್ನುವಂತಿಲ್ಲ. ಬೂಟು ಹಿಂದಕ್ಕೆ ಹೋಗುವಂತಿಲ್ಲ. ಮನೆಯಲ್ಲುಳಿಯುವುದು ಕಂದು, ಅಂಗಡಿಗೆ ಹೋಗುವುದು ಕರಿಯದು. ಅಮ್ಮನ ಸೀಸೆ ಇಡೀ ಬರಿದು ಮಾಡಿ, ಒಳಗೂ ಹೊರಗೂ ತಿಕ್ಕಿ ಬಿಸಿಲಿಗಿಟ್ಟೆ. ಚರ್ಮ ಬೆಣ್ಣೆಯಂತಾಯಿತು. ಇಷ್ಟು ಕಕ್ಕುಲಾತಿಯಿಂದ ನಾನು ಮನೆಯಲ್ಲಿ ಇನ್ನೇನನ್ನೂ ತಿಕ್ಕಿರಲಿಲ್ಲ.

ಸಂಜೆ ಮೊದಲು ಸಿಡಿದವಳು ಅಮ್ಮ.

"ನನ್ನ ಎಣ್ಣಿ ಯಾರು ಚೆಲ್ಲಿದ್ರು?"

"ಚೆಲ್ಲಿಲ್ಲ ಯವ್ವಾ. ನಿನ್ನ ಸೊಸಿ ಬೂಟಿಗೆ ಹಚ್ಚೀನಿ. ಕಾಲು ಕಚ್ಚಬಾರದಲ್ಲ!"

ಅಮ್ಮ ಬೂಟನ್ನು ಎತ್ತಿ ಎಡಕ್ಕೆ ಬಲಕ್ಕೆ ಬಗ್ಗಿಸಿ ನೋಡಿದಳು. "ನಮ್ಮಪ್ಪ ಮಾನ್ವಿ ಸಂತ್ಯಾಗ ಎತ್ತಿಗೆ ಲಾಳ ಬಡೀತಿದ್ದ. ಲಾಳ ಒಂದು ಕೂದಲಷ್ಟು ಸಡಿಲಾದ್ರ ಎತ್ತು ಕುಂಟತದ, ಎತ್ತು ಕುಂಟಿದ್ರ ಒಕ್ಕಲುತನ ಕುಂಟತದ ಅಂತಿದ್ದ. ಎತ್ತಿಗೆ ಇರೋವಷ್ಟು ಕಾಳಜಿನೂ ನಿನಗ ಹೆಂಡ್ತಿ ಮ್ಯಾಲೆ ಇಲ್ಲೇನೋ, ಕನಕಾ?"

ಅಮ್ಮ ಸೊಸೆಯ ಪಕ್ಷ ವಹಿಸಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು. ಎಣ್ಣೆಯ ಸೀಸೆಗೆ ಇಷ್ಟು ಶಕ್ತಿಯಿದೆಯೆಂದು ಗೊತ್ತಿರಲಿಲ್ಲ.

ದುರುಗಮ್ಮ ಬೈಯಲಿಲ್ಲ. ಕಂದು ಬೂಟನ್ನು ಮೂಸಿ ನೋಡಿ ಕೇಳಿದಳು:

"ಹಂಗಾದ್ರ ಈ ಜೋಡಿ ನಮ್ಮ ಮನ್ಯಾಗೇ ಇರ್ತದ?"

"ಇರಬೇಕಲ್ಲ. ಕಲಿ ಬಿದ್ದದ."

"ಇದ್ರಾಗ ಕುಂದ್ರಾಕ ಆರಾಮ ಅಂತೀರಿ?"

"ಭಾಳ ಆರಾಮ. ಒಲಿ ಮುಂದ, ಕಲ್ಲಿನ ಮುಂದ, ಎಲ್ಲಿ ಬೇಕಾದಲ್ಲಿ!"

"ಚಲೋ ಆತು," ಎಂದಳು. ನಾನು ಗೆದ್ದೆನೆಂದು ಎಂಟು ಗಂಟೆಗೇ ಮಲಗಿಬಿಟ್ಟೆ.

ಶುಕ್ರವಾರ ನಸುಕಿನಲ್ಲಿ ಅಭ್ಯಾಸದಂತೆ ಎಚ್ಚರವಾಗಿ ಪಟ್ಟಿಗಾಗಿ ಕಿವಿಗೊಟ್ಟು ಮಲಗಿದ್ದೆ. ಕೊಡದ ಸದ್ದು ಬರಲಿಲ್ಲ. ಪೊರಕೆಯ ಸದ್ದು ಬರಲಿಲ್ಲ. ಬಕಲ್ ಬಿಗಿಯುವ ಸದ್ದು ಬಂತು. ಒಂದು, ಎರಡು, ಮೂರು, ನಾಲ್ಕು. ಟಕ್ ಟಕ್ ಎಂದು ಹತ್ತಿರ ಬಂದು ನನ್ನ ಹಾಸಿಗೆಯ ಕೆಳತುದಿಯಲ್ಲಿ ನಿಂತಿತು. ಔಡಲೆಣ್ಣೆಯ ವಾಸನೆ ಕಂಬಳಿಯೊಳಗೆ ಹೊಕ್ಕಿತು.

"ಏಳ್ರಿ. ಎಚ್ಚರ ಇರ್ತೀರಿ ಅಂತ ನನಗ ಗೊತ್ತದ. ಹನ್ನೊಂದು ವರ್ಷದಿಂದ ಗೊತ್ತದ."

ನಾನು ಕಂಬಳಿ ಸರಿಸಿದೆ. ಕಂದು ಬೂಟುಗಳನ್ನು ನನ್ನ ಕಾಲ ಬಳಿ ಜೋಡಿಸಿಟ್ಟಿದ್ದಳು.

"ಇವು ಎಂಟು ನಂಬರ್. ಎಣ್ಣಿ ಹಚ್ಚಿದವರವು. ಸಾಬ್ರಿಗೆ ನಾನು ಹೇಳ್ತೀನಿ."

"ಮತ್ತ ಕರೇವು?"

"ನನ್ನವು."

ಎರಡರಲ್ಲೊಂದು ಹಿಂದಕ್ಕೆ ಹೋಗಲೇಬೇಕೆಂದು ಯಾರೂ ಹೇಳಿರಲಿಲ್ಲ. ಅದು ನಾನೇ ಅಂದುಕೊಂಡದ್ದು. ಬಾಯಿ ತೆರೆಯುವಷ್ಟರಲ್ಲಿ ಆಕೆ ಬಾಗಿಲು ದಾಟಿದ್ದಳು.

ಕುತೂಹಲಕ್ಕೆ (ಬರಿ ಕುತೂಹಲಕ್ಕೆ) ಕಂದು ಬೂಟಿನಲ್ಲಿ ಕಾಲಿಟ್ಟೆ. ಅಳತೆ ಮಾಡಿ ಹೊಲಿದಂತಿತ್ತು. ಕುಕ್ಕುರುಗಾಲಿನಲ್ಲಿ ಕೂತು ನೋಡಿದೆ. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಏಳುವುದೇ ಬೇಡವೆನ್ನುವಷ್ಟು ಆರಾಮ.

"ಕನಕಾ," ಒಳಗಿಂದ ಅಮ್ಮ ಕೂಗಿದಳು, "ಒಲಿ ಹಚ್ಚಿದೇನಪಾ?"

ನಾನು ಹಾಗೆಯೇ ಹೊಸ್ತಿಲವರೆಗೆ ತೆವಳಿ ಬೀದಿಗೆ ಇಣುಕಿದೆ. ಗಂಟೆ ಐದೂಕಾಲಾಗಿತ್ತು. ಬೀದಿದೀಪದ ಕೆಳಗೆ ದುರುಗಮ್ಮ ಟಕ್ ಟಕ್ ಎನ್ನುತ್ತ ತಿರುವಿನವರೆಗೆ ಹೋಗಿ ನಿಂತಳು. ಅಲ್ಲಿಂದ ಎಡಕ್ಕೆ ನಲ್ಲಿ. ಬಲಕ್ಕೆ ಕೋಟೆಯ ಗುಡ್ಡದ ಇಳಿಜಾರು. ನಲ್ಲಿಯ ಬಳಿ ಕೊಡಗಳ ಸಾಲಿನಿಂದ ಯಾರೋ ಕೂಗಿದರು: "ಟೀಚರಮ್ಮ, ಕೊಡ ಎಲ್ಲಿ? ನೀರು ಹೋಗಾಕತ್ತದ, ಲಗೂ ಬರ್ರಿ!"

ಆಕೆ ಆ ಕಡೆ ನೋಡಿದಳು. ಈ ಕಡೆ ನೋಡಿದಳು. ಮೊಣಕಾಲನ್ನು ಒಂದಿಷ್ಟು ಮುಂದಕ್ಕೆ ಬಗ್ಗಿಸಿ ಬೆರಳು ಹಿಂದಕ್ಕೆ ಸರಿಯುತ್ತದೋ ಎಂದು ಇನ್ನೊಮ್ಮೆ ನೋಡಿಕೊಂಡಳು.

ಸೀಟಿ ಯಾರೂ ಊದಲಿಲ್ಲ. ದುರುಗಮ್ಮ ಬಲಕ್ಕೆ ತಿರುಗಿದಳು.