ಮೂಗು ಕೊಟ್ಟು ಪರೀಕ್ಷಿಸಿದ ಕಾರು

ಯಾವ ವಿಷಯ ನಮಗೆ ಕಡಿಮೆ ಗೊತ್ತೋ ಆ ವಿಷಯದಲ್ಲೇ ನಮ್ಮ ಅಭಿಪ್ರಾಯ ಹೆಚ್ಚು ಗಟ್ಟಿಯಾಗಿರುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ನನಗೆ ಕಾರು ಓಡಿಸಲು ಬರುವುದಿಲ್ಲ. ಹಿಂದೊಮ್ಮೆ ಕಲಿಯಲು ಹೋಗಿ, ಮೂರನೆಯ ದಿನವೇ ಮುಳಬಾಗಿಲಿನ ನಮ್ಮ ಬೀದಿಯಲ್ಲಿ ಇಸ್ತ್ರಿ ಗಾಡಿಯೊಂದನ್ನು ಮಗುಚಿದ್ದೆ. ಇಸ್ತ್ರಿಯವನು ಬಹಳ ಒಳ್ಳೆಯವನು. ಜಗಳವಾಡದೆ ಮರುದಿನದಿಂದ ಗಾಡಿಯನ್ನು ಬೇವಿನ ಮರದ ಆಚೆಗೆ ನಿಲ್ಲಿಸತೊಡಗಿದ. ನಮ್ಮ ಮನೆಯಲ್ಲಿ ಕಾರು ಓಡಿಸುವವಳು ನನ್ನ ಹೆಂಡತಿ ವಸಂತ. ಶ್ರೀನಿವಾಸಪುರದಲ್ಲಿ ಅವಳ ಕಚೇರಿ, ದಿನವೂ ಹೋಗಿ ಬರುತ್ತಾಳೆ. ಇಷ್ಟಾದರೂ ಹೊಸ ಕಾರು ಕೊಳ್ಳುವ ಮಾತು ಬಂದಾಗ ಮುಂದೆ ಬಂದವನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವ ನಾನು. "ಬಣ್ಣ ನೀನು ನೋಡು, ಸುರಕ್ಷತೆ ನಾನು ನೋಡ್ತೀನಿ" ಎಂದು ಕೆಲಸ ಹಂಚಿಬಿಟ್ಟೆ. ಅವಳು ಹುಳಿಗೆ ಒಗ್ಗರಣೆ ಹಾಕಲು ಒಳಗೆ ಹೋದಳು.

ಈ ಸುರಕ್ಷತೆಯ ಹುಚ್ಚು ಸುಮ್ಮನೆ ಹಿಡಿದದ್ದಲ್ಲ. ನಮ್ಮ ಶಾಲೆಯ ಗಣಿತದ ಮೇಷ್ಟ್ರು ಹೆದ್ದಾರಿಯಲ್ಲಿ ಲಾರಿಯ ಬೆನ್ನಿಗೆ ಗುದ್ದಿ, ಆರು ವಾರ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಓಡಾಡಿದರು. ಅವರ ಕಾರಿನ ಮುಂಭಾಗ ಅಪ್ಪಳದ ಹಾಗೆ ಮುರುಟಿಹೋಗಿತ್ತು. ನಮ್ಮದೂ ಅಂಥದ್ದೇ ಪುಟ್ಟ ಕಾರು, ಹದಿನಾಲ್ಕು ವರ್ಷ ಹಳೆಯದು. ಏರ್‌ಬ್ಯಾಗ್ ಎಂಬುದು ಅದರ ಜಾತಕದಲ್ಲೇ ಇಲ್ಲ. ಮೇಷ್ಟ್ರ ಕಾರಿನ ಗತಿ ನೋಡಿದ ದಿನವೇ, ಇನ್ನು ಕೊಂಡರೆ ಮಧ್ಯಮ ಗಾತ್ರದ ಗಟ್ಟಿಮುಟ್ಟು ಸೆಡಾನ್, ಅದೂ ಪೂರ್ತಿ ಪರೀಕ್ಷೆ ಮಾಡಿದ ಮೇಲೆ ಎಂದು ತೀರ್ಮಾನಿಸಿದೆ.

ಪರೀಕ್ಷೆ ಎಂದರೆ ಫೋನಿನಲ್ಲಿ ವಿಡಿಯೊ ನೋಡುವುದು. ಕಾರಿನೊಳಗೆ ಗೊಂಬೆಗಳನ್ನು ಕೂರಿಸಿ, ವೇಗವಾಗಿ ತಂದು ಗೋಡೆಗೆ ಗುದ್ದಿಸುತ್ತಾರಲ್ಲ, ಅವು. ದಿನವೂ ಸಂಜೆ ಶಾಲೆಯಿಂದ ಬಂದು, ಕಾಫಿ ಕುಡಿಯುತ್ತಾ ನಾಲ್ಕಾರು ಕಾರು ಗುದ್ದಿಸಿದ ಮೇಲೇ ನನಗೆ ಸಮಾಧಾನ. ಒಂದು ದಿನ ಅಮ್ಮ ಪಕ್ಕದಲ್ಲಿ ಬಂದು ಕೂತು ಇಣುಕಿದರು.

"ಪಾಪ, ಯಾಕೋ ಅವರನ್ನ ಹಂಗೆ ಗೋಡೆಗೆ ಗುದ್ದಿಸ್ತಾರೆ? ಏನ್ ತಪ್ಪು ಮಾಡಿದ್ರು?"

"ಅವು ಗೊಂಬೆ ಕಣಮ್ಮ."

"ಗೊಂಬೆಯಾದ್ರೇನು, ಹಿಂದ್ಗಡೆ ಮಗೂನೂ ಕೂರಿಸಿದಾರಲ್ಲೋ" ಎಂದು ಎದ್ದುಹೋದರು. ಆಮೇಲೆ ನಾನೂ ಆ ಮಗುಗೊಂಬೆ ಕಂಡಾಗ ಕಾಫಿ ಲೋಟ ಕೆಳಗಿಡತೊಡಗಿದೆ.

ಹೀಗೆ ನಾಲ್ಕು ತಿಂಗಳು ಕಳೆದವು. ಒಂದು ಕಾರಿಗೆ ಮುಂದಿನಿಂದ ಏಟು ತಡೆಯುವ ಶಕ್ತಿಯಿದ್ದರೆ ಪಕ್ಕದಿಂದ ಇಲ್ಲ. ಪಕ್ಕದಿಂದ ಇದ್ದರೆ ಹಿಂದಿನ ನಡು ಸೀಟಿಗೆ ತಲೆಯಾಸರೆ ಇಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು, ಹೊಡೆದುಹಾಕುವುದು. ಈ ನಡುವೆ ವಸಂತ ಒಂದು ಬೆಳಿಗ್ಗೆ ಹಳೆಯ ಕಾರಿನ ಕೀಲಿ ತೆಗೆದುಕೊಳ್ಳುತ್ತಾ, "ನೀವು ನೋಡ್ತಾನೇ ಇದೀರ, ನಾನು ಓಡಿಸ್ತಾನೇ ಇದೀನಿ" ಎಂದಳು. ನನ್ನ ಶ್ರಮವನ್ನು ಮೆಚ್ಚಿಕೊಂಡಳೆಂದು ನಾನು ನಕ್ಕೆ.

ಕಡೆಗೆ ಪಟ್ಟಿಯಲ್ಲಿ ಒಂದೇ ಕಾರು ಉಳಿಯಿತು. ಅದನ್ನು ಓಡಿಸಿ ನೋಡಲು ಒಂದು ಭಾನುವಾರ ಕೋಲಾರದ ಶೋರೂಮಿಗೆ ಹೊರಟೆವು: ನಾನು, ವಸಂತ, ಅಮ್ಮ, ಜೊತೆಗೆ ರಾಯಲ್ಪಾಡಿನಿಂದ ಬಂದಿದ್ದ ವಸಂತಳ ಅಪ್ಪ, ನನ್ನ ಮಾವ. ಮಾವ ಮಾವಿನ ತೋಟದವರು. ಹುಟ್ಟಿದಾಗಿನಿಂದ ತೆಲುಗು, ಕನ್ನಡ ಎರಡನ್ನೂ ಒಂದೇ ತಟ್ಟೆಯಲ್ಲಿ ಕಲಸಿಕೊಂಡು ಉಂಡವರು. ಶೋರೂಮಿನಲ್ಲಿ ಫಳಫಳ ಹೊಳೆಯುತ್ತಿದ್ದ ಕಾರಿನ ಮುಂದೆ ನಿಂತು, ಹಲಸಿನ ಹಣ್ಣು ತಟ್ಟುವ ಹಾಗೆ ಬಾನೆಟ್ಟನ್ನು ತಟ್ಟಿದರು.

"ಏನು ಅಲ್ಲುಡುಗಾರೂ, ಇದು ಬರೀ ರೇಕು, ತಗಡು. ನಮ್ಮ ಟ್ರ್ಯಾಕ್ಟರ್ ತಟ್ಟಿ ನೋಡಿ, ಗುಡಿ ಗಂಟೆ ಹೊಡೆದಂಗಿರ್ತದೆ."

ಮುಂಭಾಗ ತಗಡಿನ ಹಾಗೆ ಮಡಚಿಕೊಂಡರೇ ಒಳ್ಳೆಯದು, ಗುದ್ದಿನ ಪೆಟ್ಟನ್ನು ಅದೇ ತಿಂದುಕೊಂಡು ಒಳಗಿದ್ದವರನ್ನು ಉಳಿಸುತ್ತದೆ ಎಂದು ಅಳಿಯನಿಗೆ ಸಾಧ್ಯವಾದಷ್ಟು ವಿನಯದಿಂದ ವಿವರಿಸಿದೆ.

"ಅಂದ್ರೆ ನಜ್ಜುಗುಜ್ಜಾಗೋಕೆ ಅಂತ್ಲೇ ದುಡ್ಡು ಕೊಟ್ಟು ತಗೋಬೇಕು ಅನ್ನಿ" ಎಂದು ಯೋಚಿಸಿ, "ಸರಿ, ಡಿಕ್ಕಿ ಎಂಗಿದೆ?" ಎಂದರು.

"ಮುಂದಿನಿಂದ ಆದ್ರೆ ಭಯವಿಲ್ಲ ಮಾವ. ಪಕ್ಕದಿಂದ ಆದ್ರೆ ಸ್ವಲ್ಪ ಅನುಮಾನ."

"ಪಕ್ಕದಲ್ಲಿ ಯಾಕಿಡ್ತಾರೆ ಡಿಕ್ಕೀನ? ಹಿಂದೆ ತಾನೆ ಇರೋದು? ಮಾವಿನಕಾಯಿ ಎಷ್ಟು ಕ್ರೇಟ್ ಹಿಡೀತದೆ ಅಂತ ಕೇಳಿದೆ ನಾನು."

ಶೋರೂಮಿನ ಕಿರಣ್ ಎಂಬ ಯುವಕ ಮುಖ ತಿರುಗಿಸಿಕೊಂಡು ಕೆಮ್ಮಿದ. ಆಗಲೇ ಅವನ ಮುಂದೆ ನನ್ನ ನೋಟ್‌ಬುಕ್ಕಿನ ಮೂವತ್ತು ಪ್ರಶ್ನೆಗಳು ಮುಗಿದಿದ್ದವು. "ಸರ್, ನೀವು ತಪಾಸಣೆಗೆ ಬಂದಿರೋರಾ, ಕಾರು ತಗೊಳಕ್ಕೆ ಬಂದಿರೋರಾ?" ಎಂದು ಮೆಲ್ಲಗೆ ಕೇಳಿದ್ದ. ಎರಡೂ ಎಂದಿದ್ದೆ.

ವಸಂತ ಸ್ಟಿಯರಿಂಗ್ ಹಿಡಿದಳು, ಪಕ್ಕದಲ್ಲಿ ಕಿರಣ್. ಹಿಂದೆ ಅಮ್ಮ ಮತ್ತು ಮಾವನ ನಡುವೆ ನಾನು. ಸೀಟ್ ಬೆಲ್ಟ್ ಕಂಡರೆ ಅಮ್ಮನಿಗೆ ಆಗದು. "ಕತ್ತು ಕುಯ್ಯತ್ತೆ ಕಣೋ, ಬೇಡ" ಎಂದರು. ವೇಗ, ಬಲ, ಎದೆಗೂಡು ಎಂದೆಲ್ಲ ನಾನು ಪಾಠ ಶುರುಮಾಡಿದೆ. ವಸಂತ ಇಳಿದು ಬಂದು, ಪಟ್ಟಿಯನ್ನು ಭುಜದ ಮೇಲೆ ಸರಿಮಾಡಿ, ಒತ್ತದಂತೆ ಸೆರಗನ್ನು ಮಡಿಸಿ ಅಡಿಗಿಟ್ಟು, ಕೆಳಗಿನ ಪಟ್ಟಿಯನ್ನು ಸೊಂಟಕ್ಕೆ ಸೇರಿಸಿದಳು.

"ಈಗ ಹೇಗಿದೆ ಅತ್ತೆ?"

"ಪರವಾಗಿಲ್ಲ, ಮಗೂನ ಜೋಲಿಗೆ ಕಟ್ಟಿದಂಗಿದೆ" ಎಂದು ಅಮ್ಮ ಕೈಕಟ್ಟಿ ಕೂತರು.

ಕೋಲಾರ ದಾಟಿ ಹೋಳೂರಿನ ಕಡೆಗೆ ಹೊರಟೆವು. ಕಾರು ನೀರಿನ ಮೇಲೆ ತೇಲಿದ ಹಾಗೆ ಹೋಗುತ್ತಿತ್ತು. ಮಾವನ ಬೆಲ್ಟು ಸರಿಯಾಗಿ ಕಚ್ಚಿಕೊಂಡಿಲ್ಲವೆಂಬ ಸಂಶಯ ನನ್ನನ್ನು ತಿನ್ನತೊಡಗಿತು. 'ಟಕ್' ಎಂಬ ಸದ್ದು ನನಗೆ ಕೇಳಿಸಿರಲಿಲ್ಲ. ಬಗ್ಗಿ ನೋಡೋಣವೆಂದರೆ ನನ್ನ ಬೆಲ್ಟು ಬಿಡದು. ಒಂದು ನಿಮಿಷದ ಮಾತು ತಾನೆ ಎಂದು ನನ್ನದನ್ನು ಬಿಚ್ಚಿ, ಮಾವನ ತೊಡೆಯ ಕಡೆಗೆ ಬಾಗಿದೆ. ಮುಂದೆ ಹೋಗುತ್ತಿದ್ದ ಟೆಂಪೋದಿಂದ ಟೊಮೇಟೊ ತುಂಬಿದ ಕ್ರೇಟೊಂದು ಜಾರಿ ರಸ್ತೆಯ ನಡುವೆ ಬಿದ್ದದ್ದು ಆಗಲೇ.

ವಸಂತ ಬ್ರೇಕ್ ಒತ್ತಿದಳು. ಕಾರು ಅತ್ತಿತ್ತ ವಾಲದೆ, ಕ್ರೇಟಿಗೆ ಒಂದು ಮಾರು ದೂರದಲ್ಲಿ ನಿಂತಿತು. ಅಮ್ಮ ಜೋಲಿಯಲ್ಲಿದ್ದರು, ಮಾವ ಅಲುಗಲಿಲ್ಲ, ಕಿರಣ್ ಸೀಟಿನಲ್ಲೇ ಇದ್ದ. ನಾನೊಬ್ಬ ಮಾತ್ರ ಎರಡು ಸೀಟುಗಳ ಸಂದಿಯಿಂದ ಮುಂದಕ್ಕೆ ತೂರಿಕೊಂಡು ಹೋಗಿ, ಆ ಸೀಟುಗಳ ನಡುವಿನ ಕೈ ಊರುವ ಪೆಟ್ಟಿಗೆಗೆ ಮೂಗು ಜಜ್ಜಿಕೊಂಡು ಬಿದ್ದಿದ್ದೆ.

ಟೆಂಪೋದವನು ಓಡಿಬಂದು, ನನ್ನ ಮೂಗಿನಿಂದ ಇಳಿಯುತ್ತಿದ್ದ ರಕ್ತ ನೋಡಿ ಕಂಗಾಲಾದ. "ಸಾರ್, ನಮ್ಮ ಕ್ರೇಟೇನಾದ್ರೂ ತಗಲ್ತಾ?" ಎಂದ. ಮಾವ ಕಿಟಕಿ ಇಳಿಸಿ, "ನಿಂದೇನೂ ಇಲ್ಲಪ್ಪಾ. ಇದು ನಮ್ಮ ಮನೆಯ ಲೋಡು, ಸರಿಯಾಗಿ ಕಟ್ಟಿರಲಿಲ್ಲ" ಎಂದರು.

ಮೂಗನ್ನು ಕರವಸ್ತ್ರದಲ್ಲಿ ಹಿಡಿದುಕೊಂಡು ನಾನು ಕಿರಣನ ಮೇಲೆ ಹರಿಹಾಯ್ದೆ. ಆರು ಏರ್‌ಬ್ಯಾಗ್ ಇವೆಯೆಂದು ಹೇಳಿದಿರಿ, ನನ್ನ ಮೂಗಿಗಾಗಿ ಒಂದಾದರೂ ಬಾಯಿ ಬಿಟ್ಟಿತೇ ಎಂದೆ. ಅವನು ಬಹಳ ಮರ್ಯಾದೆಯಿಂದ, "ಕಾರು ಎಲ್ಲೂ ಗುದ್ದಿಲ್ಲ ಸರ್. ಗುದ್ದಿದ್ದು ನೀವು" ಎಂದ.

ಆಗ ವಸಂತಳನ್ನು ನೋಡಿದೆ. ಅವಳು ಹಿಂದಕ್ಕೆ ತಿರುಗಿದಳು. ಅತ್ತೆಯನ್ನು, ಅಪ್ಪನನ್ನು ವಿಚಾರಿಸಿದಳು. ನನ್ನ ತಲೆ ಹಿಂದಕ್ಕೆ ಬಾಗಿಸಹೋದ ಮಾವನನ್ನು ತಡೆದು, ಮುಂದಕ್ಕೆ ಬಗ್ಗಿಸಿ ಮೂಗು ಒತ್ತಿಹಿಡಿಯಲು ಹೇಳಿದಳು. ಆಮೇಲೆ ಯಾರಿಗೋ ಹೇಳುವ ಹಾಗೆ, "ಹೋದ ತಿಂಗಳು ನಮ್ಮ ಹಳೇ ಕಾರಿನ ಮುಂದೆ ಹಿಂಗೇ ಒಂದು ಕ್ರೇಟು ಬಿತ್ತು. ಗಾಡಿ ನಿಲ್ಲಲಿಲ್ಲ, ಅದರ ಮೇಲೇ ಹೋಗಿ ಹಳ್ಳದ ಅಂಚಲ್ಲಿ ನಿಂತ್ಕೊಳ್ತು" ಎಂದಳು.

"ಮನೇಲಿ ಹೇಳಲೇ ಇಲ್ವಲ್ಲ?"

"ಹೇಳಿದ್ರೆ ನೀವು ಮೊದಲಿಂದ ಮತ್ತೆ ಪರೀಕ್ಷೆ ಶುರುಮಾಡ್ತಿದ್ರಿ."

ರಸ್ತೆಯ ತುಂಬ ಟೊಮೇಟೊ ಉರುಳಾಡುತ್ತಿದ್ದವು. ಮಾವ ಇಳಿದು ಟೆಂಪೋದವನಿಗೆ ಆಯ್ದುಕೊಡಲು ಹೋದರು. ನನಗೆ ಮಾತ್ರ ನಾಲ್ಕು ತಿಂಗಳ ಸಂಜೆಗಳೆಲ್ಲ ಸಾಲಾಗಿ ಕಣ್ಣ ಮುಂದೆ ಬಂದವು. ಗೊಂಬೆಯ ಎದೆಗೂಡು ಎಷ್ಟು ಒಳಗೆ ಹೋಯಿತೆಂದು ನಾನು ಲೆಕ್ಕ ಹಾಕುತ್ತಾ ಕೂತಾಗಲೆಲ್ಲ, ಇವಳು ಏರ್‌ಬ್ಯಾಗಿಲ್ಲದ, ಬ್ರೇಕು ಸವೆದ ಆ ಗಾಡಿಯಲ್ಲಿ ಲಾರಿಗಳ ನಡುವೆ ನುಸುಳಿಕೊಂಡು ಬರುತ್ತಿದ್ದಳು. ಮೂಗಿನ ನೋವು ಆ ಹೊತ್ತಿಗೆ ಸ್ವಲ್ಪ ಮರೆತುಹೋಯಿತು.

"ಇದನ್ನೇ ತಗೊಳ್ಳೋಣ. ಇವತ್ತೇ" ಎಂದೆ. ಮೂಗು ಮುಚ್ಚಿದ್ದರಿಂದ ಅದು ಯಾರಿಗೂ ಅರ್ಥವಾಗಲಿಲ್ಲ. ಎರಡನೆಯ ಸಲ ಹೇಳಬೇಕಾಯಿತು.

"ಯಾವ ಬಣ್ಣ?" ಎಂದು ಕಿರಣ್ ಕೇಳಿದ. ವಸಂತ ಬಿಳಿ ಎಂದಳು. ಅವಳ ಪರೀಕ್ಷೆ ಅರ್ಧ ನಿಮಿಷದಲ್ಲಿ ಮುಗಿಯಿತು.

ಮೂಗಿನ ಮೂಳೆ ಸಣ್ಣಗೆ ಬಿರುಕು ಬಿಟ್ಟಿದೆಯೆಂದು ವೈದ್ಯರು ಪಟ್ಟಿ ಅಂಟಿಸಿದರು. ಎರಡು ವಾರ ಅದೇ ಅವತಾರದಲ್ಲಿ ಶಾಲೆಗೆ ಹೋದೆ. ಸ್ಟಾಫ್ ರೂಮಿನಲ್ಲಿ ಏನೇನೋ ಕಥೆ ಹೇಳಿ ತಪ್ಪಿಸಿಕೊಂಡೆನಾದರೂ ಒಂಬತ್ತನೆಯ ತರಗತಿಯವರ ಮುಂದೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅಂದು ಜಡತ್ವದ ಪಾಠವಿತ್ತು. ವರ್ಷವೂ ಲೋಟದ ಮೇಲೆ ರಟ್ಟು, ರಟ್ಟಿನ ಮೇಲೆ ನಾಣ್ಯ ಇಟ್ಟು ತೋರಿಸುವಾಗ ಆಕಳಿಸುತ್ತಿದ್ದ ಮಕ್ಕಳು, ಟೊಮೇಟೊ ಕ್ರೇಟಿನಿಂದ ಕೈ ಊರುವ ಪೆಟ್ಟಿಗೆಯವರೆಗಿನ ನನ್ನ ಪ್ರಯಾಣವನ್ನು ಉಸಿರು ಬಿಗಿಹಿಡಿದು ಕೇಳಿದರು. ಇಷ್ಟು ವರ್ಷಗಳಲ್ಲಿ ನಾನು ಮಾಡಿದ ಅತ್ಯುತ್ತಮ ಪಾಠ ಅದೇ ಎಂದು ಎದೆಯುಬ್ಬಿಸಿಕೊಂಡು ಹೊರಬಂದೆ.

ಕಿರುಪರೀಕ್ಷೆಯಲ್ಲಿ 'ಜಡತ್ವ ಎಂದರೇನು? ಉದಾಹರಣೆ ಕೊಡಿ' ಎಂದು ಕೇಳಿದ್ದೆ. ಬೈರಕೂರಿನ ಕಡೆಯಿಂದ ಬರುವ ಹುಡುಗಿಯೊಬ್ಬಳು ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದಳು: 'ತಾನಿರುವ ಸ್ಥಿತಿಯನ್ನು ಬದಲಿಸಿಕೊಳ್ಳಲು ಒಪ್ಪದ ಗುಣವೇ ಜಡತ್ವ. ಉದಾಹರಣೆ: ನಮ್ಮ ವಿಜ್ಞಾನದ ಸರ್.'

ಕೆಂಪು ಪೆನ್ನು ಹಿಡಿದು ಎರಡು ಸಲ ಓದಿದೆ. ತಪ್ಪು ಹುಡುಕಿದೆ, ಸಿಗಲಿಲ್ಲ. ಪೂರ್ತಿ ಅಂಕ ಕೊಟ್ಟೆ.