ಧನ್ಯಕುಮಾರನ ಎರಡನೇ ಖೋಲಿ

ಗೋಕಾಕದ ಧನ್ಯಕುಮಾರನ ಮನೆಯಲ್ಲಿ ಕಂಪ್ಯೂಟರ್ ಇತ್ತು. ಧನ್ಯಕುಮಾರನ ಪಾಲಿಗೆ ಮಾತ್ರ ಇರಲಿಲ್ಲ. ಎರಡು ಸಾವಿರದ ಎರಡನೇ ಇಸವಿಯಲ್ಲಿ ಆ ಓಣಿಗೆಲ್ಲ ಅದೊಂದೇ, ಅದರ ಮುಂದಿನ ಕುರ್ಚಿಯಲ್ಲಿ ಅವನ ಅಪ್ಪ ಬಾಪುಸಾಹೇಬರು. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಕೆಲಸಗಾರರಿಗೆ ಪಾಳಿ ಹಂಚುವ ಮುಕಾದಮರಾಗಿ ನಿವೃತ್ತರಾದ ಅವರು ಜನ್ಮದಲ್ಲಿ ಇಸ್ಪೀಟು ಮುಟ್ಟಿದವರಲ್ಲ. ಆದರೆ ಕಂಪ್ಯೂಟರಿನ ಇಸ್ಪೀಟಿಗೆ ಕೈ ತಾಗುವುದಿಲ್ಲ, ರೊಕ್ಕ ಹಚ್ಚುವುದಿಲ್ಲ, ಆದ್ದರಿಂದ ಪಾಪವೂ ಹತ್ತುವುದಿಲ್ಲ ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡಿದ್ದರು. ಬಾಜೂ ಮನೆಯ ಬೀರಸಿದ್ದಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದು ಪಕ್ಕದಲ್ಲಿ ಕೂತರೆ, ಒಬ್ಬರು ಆಡುವುದು, ಇನ್ನೊಬ್ಬರು ತಪ್ಪು ಹುಡುಕುವುದು. ನೋಡಲು ಓಣಿಯ ಅರ್ಧ ಮುದುಕರು.

ಪೈಪಿನ ಅಂಗಡಿಯಲ್ಲಿ ಕೂತು ಕೂತು ಬೇಸತ್ತಿದ್ದ ಧನ್ಯಕುಮಾರನಿಗೆ ಆ ವಾರ ನಸೀಬು ತೆರೆದಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಕ್ಲಾಸು ನಡೆಸುವ ಖಂಡೆಪ್ಪ ಸರ್ ಅವನನ್ನು ಕರೆದು ಹೇಳಿದ್ದರು: “ಸೋಮವಾರ ಮುಂಜಾನೆ ಹುಡುಗ್ರ ಮುಂದ ಲಿನಕ್ಸ್ ನಡಿಸಿ ತೋರಸ್ರಿ. ಛಲೋ ಆತಂದ್ರ ಮಾಸ್ತರಕಿ ನಿಮ್ಮದ.”

ಮಾಸ್ತರ! ಆ ಶಬ್ದ ಕೇಳಿದಾಗಿನಿಂದ ಅವನ ಕಾಲು ನೆಲಕ್ಕೆ ತಾಗಿರಲಿಲ್ಲ. ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಲಿನಕ್ಸ್ ಸೀಡಿಗಳು ಕೈಯಲ್ಲಿದ್ದವು. ಭಾನುವಾರ ಆ ಲಿನಕ್ಸನ್ನು ಮಷೀನು ನಡೆಸುವ ಹಳೆಯ ವಿಂಡೋಸಿನ ಪಕ್ಕದಲ್ಲೇ ಕೂರಿಸಬೇಕು, ಸಂಜೆಯೆಲ್ಲ ಅಭ್ಯಾಸ ಮಾಡಬೇಕು. ರಾತ್ರಿಯನ್ನು ನಂಬುವಂತಿಲ್ಲ, ಆ ಬೇಸಿಗೆಯಲ್ಲಿ ಎಂಟು ಹೊಡೆದರೆ ಬೆಳತನಕ ಲೋಡ್ ಶೆಡ್ಡಿಂಗ್, ಕರೆಂಟೇ ಇಲ್ಲ. ಇನ್ನೂ ಒಂದು ಆಸೆ ಅವನಿಗಿತ್ತು. ಲಿನಕ್ಸ್ ಎಂದರೆ ಇಂಜಿನಿಯರರ ಸಾಮಾನು, ಅದರಲ್ಲಿ ಇಸ್ಪೀಟು ಗಿಸ್ಪೀಟು ಇರುವುದಿಲ್ಲ. ಸ್ವಿಚ್ ಹಾಕಿದೊಡನೆ ಅದೇ ಬರುವಂತೆ ಮಾಡಿಬಿಟ್ಟರೆ ಮುದುಕರು ತಾವಾಗಿ ಎದ್ದು ಕಟ್ಟೆಗೆ ಹೋಗುತ್ತಾರೆ!

ಭಾನುವಾರ ಅಪ್ಪ ಬಸದಿಗೆ ಹೋಗುವುದನ್ನೇ ಕಾದು ಮೊದಲ ಸೀಡಿ ಹಾಕಿದ. ಅಪ್ಪ ತಿರುಗಿ ಬಂದಾಗ ಪರದೆಯ ಮೇಲೆ ಇಸ್ಪೀಟಿನ ಬದಲು ಇಂಗ್ಲಿಷ್ ಅಕ್ಷರ ಸುರಿಯುತ್ತಿತ್ತು.

“ಏನ ಮಾಡಾಕತ್ತಿಯೋ?”

“ಕಂಪ್ಯೂಟರಿನಾಗ ಇನ್ನೊಂದ ಖೋಲಿ ತಗ್ಯಾಕತ್ತೇನ್ರಿ ಅಪ್ಪಾ. ಹಳೇದು ಒಂದರಾಗ ಇರತೈತಿ, ಹೊಸಾದು ಇನ್ನೊಂದರಾಗ.”

“ನಮ್ಮ ಆಟಕ್ಕ ಧಕ್ಕಿ ಆದ್ರ ನೋಡ ಮತ್ತ!”

ಅಡುಗೆಮನೆಯಿಂದ ಅವ್ವ ಇಂದುಬಾಯಿ ಕೂಗಿದಳು: “ಇರೂ ಖೋಲಿ ಕಸಾ ಹೊಡ್ಯಾಕ ನನ್ನ ನಡಾ ಹೋಗೇತಿ. ಇನ್ನೊಂದ ಯಾಕಪಾ?”

ಕಂಪ್ಯೂಟರಿನ ಹೊಟ್ಟೆ ಕೊಯ್ಯುತ್ತಿದ್ದಾರಂತೆ ಎಂಬ ಸುದ್ದಿ ಚಹಾ ಕುದಿಯುವುದರೊಳಗೆ ಓಣಿ ಸುತ್ತಿ ಬಂತು. ನೋಡಲು ಬಂದವರಿಗೆಲ್ಲ ಇಂದುಬಾಯಿ ಗೊಣಗುತ್ತಲೇ ಚಹಾ ಕೊಟ್ಟಳು. ಪರದೆಯ ಮೂಲೆಯಲ್ಲಿ ಕರಿ ಬಿಳಿ ಪಕ್ಷಿಯೊಂದು ಕಾಣಿಸಿಕೊಂಡಿತು.

“ಇದ್ಯಾವ ಹಕ್ಕಿ? ಕರೇ ಕೋಟ ಹಾಕ್ಕೊಂಡ ವಕೀಲರಂಗ ನಿಂತೈತಿ,” ಎಂದ ಬೀರಸಿದ್ದಪ್ಪ.

“ಪೆಂಗ್ವಿನ್‌ರಿ ಕಾಕಾ. ಹಾರೂದಿಲ್ಲ ಅದು.”

“ಹಾರದ ಹಕ್ಕೀನ ತಂದು ಏನ ಮಾಡ್ತಿ ತಮ್ಮಾ?”

ಆಗ ಮಷೀನು ಎರಡನೇ ಸೀಡಿ ಕೇಳಿತು. ನೋಡಿದರೆ ಮೇಜಿನ ಮೇಲೆ ಸೀಡಿಯೇ ಇಲ್ಲ! ಹುಡುಕಿ ಹುಡುಕಿ ಕೊನೆಗೆ ಅದು ಬೀರಸಿದ್ದಪ್ಪನ ಹೆಂಡತಿ ಮಾಯವ್ವನ ಕೈಯಲ್ಲಿ ಸಿಕ್ಕಿತು. ಪಡಸಾಲೆಯ ಕಂಬಕ್ಕೆ ಒರಗಿ, ಅದನ್ನು ಮುಖಕ್ಕೆ ಹಿಡಿದು ಅವಳು ಕುಂಕುಮ ತಿದ್ದಿಕೊಳ್ಳುತ್ತಿದ್ದಳು.

“ಕನ್ನಡಿ ಭಾಳ ಛಲೋ ಐತೆಪಾ, ನಡುವ ಒಂದ ತೂತು ಅಷ್ಟ,” ಎಂದು ಕುಂಕುಮದ ಬೆರಳ ಗುರುತಿನ ಸಮೇತ ಹಿಂದಿರುಗಿಸಿದಳು.

ಮಷೀನಿಗೆ ಆ ಕುಂಕುಮ ಒಗ್ಗಲಿಲ್ಲ. ಒಬ್ಬರು ಊದಿದರು, ಒಬ್ಬರು ಧೋತರದ ಚುಂಗಿನಿಂದ ಒರೆಸಿದರು. ಬೀರಸಿದ್ದಪ್ಪ ಕಂಬಳಿಯಿಂದ ತಿಕ್ಕಲು ಹೊರಟಾಗ ಧನ್ಯಕುಮಾರ ಹುಲಿಯ ಬಾಯಿಂದ ಕರು ಬಿಡಿಸಿಕೊಂಡಂತೆ ಸೀಡಿ ಕಸಿದುಕೊಂಡ. ಬನಿಯನ್ ತುದಿ ಒದ್ದೆ ಮಾಡಿ ತಾನೇ ಒರೆಸಿ ಹಾಕಿದ. ಈ ಸಲ ಓದಿತು. ನಡುವೆ ಎರಡು ಬಾರಿ ಕರೆಂಟು ಕಣ್ಣು ಮುಚ್ಚಿ ತೆರೆಯಿತು, ಯುಪಿಎಸ್ ಕುಂಯ್‌ಗುಟ್ಟಿತು. ಪ್ರತಿ ಸಲವೂ ಅವನು ಮಷೀನನ್ನೇ ತಬ್ಬಿಕೊಂಡ. ಅಂತೂ ಹೊತ್ತು ಬಾಗುವಾಗ ಮಷೀನು ಹೊಸದಾಗಿ ಚಾಲೂ ಆಯಿತು. ಎರಡು ಹೆಸರು ತೋರಿಸಿ, ಸ್ವಲ್ಪ ಕಾದು, ತಾನಾಗಿಯೇ ಲಿನಕ್ಸಿಗೆ ಹೋಯಿತು. ನೀಲಿ ಪರದೆ ಬೆಳಗಿತು. ಧನ್ಯಕುಮಾರ ಕುರ್ಚಿಯ ಮೇಲೇ ಕುಣಿದ.

“ಇಸ್ಪೀಟ ಎಲ್ಲೈತಿ?” ಕೇಳಿದರು ಬಾಪುಸಾಹೇಬರು.

“ಇದರಾಗ ಅದೆಲ್ಲಾ ಇರೂದಿಲ್ರಿ ಅಪ್ಪಾ. ಇದು ಇಂಜಿನಿಯರ್ ಮಂದೀದು.”

ಮುದುಕರ ಮುಖ ಬಾಡಿತು. ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿದರು. ಅವನಿಗೆ ಪಾಪ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ ಖುಷಿ ಅನ್ನಿಸಿತು. ಇನ್ನೇನು ಅಭ್ಯಾಸ ಶುರು ಮಾಡಬೇಕು, ಅಡುಗೆಮನೆಯಿಂದ ಕೂಗು ಬಂತು.

“ಹೊತ್ತ ಮುಳಗಾಕ ಬಂತು, ತಂದಿ ಮಗಾ ಊಟಕ್ಕ ಏಳ್ರಿ!”

ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಅಲ್ಲಿ ತುತ್ತು ಇಳಿಯುವುದಿಲ್ಲ. ನಾಳೆ ಮಾಸ್ತರನಾಗುವವನಿಗೂ ಅದೇ ನಿಯಮ. ರೊಟ್ಟಿ ಮುರಿದು ಗಬಗಬ ನುಂಗಿ ಅವನು ಕೈ ತೊಳೆಯುವಷ್ಟರಲ್ಲಿ ಪಡಸಾಲೆಯಿಂದ ಕೇಕೆ ಕೇಳಿಸಿತು.

ಓಡಿ ಬಂದ. ಕುರ್ಚಿಯಲ್ಲಿ ಬೀರಸಿದ್ದಪ್ಪ! ಅವನ ಮನೆಯಲ್ಲಿ ಒಲೆ ಹೊತ್ತುವುದೇ ದೀಪ ಹಚ್ಚಿದ ಮೇಲೆ. ಊಟದ ಅವಸರವಿಲ್ಲದವನು ಹಿಂದೆಯೇ ಉಳಿದು, ತಪ್ಪಿಸಿಕೊಂಡ ಕುರಿಮರಿ ಹುಡುಕಿದಂತೆ ಕಂಡ ಕಂಡ ಚಿತ್ರವನ್ನೆಲ್ಲ ಒತ್ತುತ್ತ ಹೋಗಿದ್ದ. ಪರದೆಯ ತುಂಬ ಇಸ್ಪೀಟಿನ ಎಲೆಗಳು.

“ತಮ್ಮಾ, ಆ ಹಳೇದರಾಗ ಏನ ಇತ್ತೋ? ಇಲ್ಲಿ ನೋಡ, ಎಷ್ಟ ನಮೂನಿ ಆಟ ಅದಾವು! ಮುಗ್ಯಾಣಿಲ್ಲ!”

ಹೊರಟಿದ್ದ ಚಪ್ಪಲಿಗಳೆಲ್ಲ ಬಾಗಿಲಿಗೆ ವಾಪಸು ಬಂದವು. ಬಾಪುಸಾಹೇಬರು ಮೀಸೆಯ ನೀರು ಒರೆಸಿಕೊಳ್ಳುತ್ತ ಬಂದು ಕಣ್ಣರಳಿಸಿದರು.

“ಮತ್ತ ನಮ್ಮ ಹಳೇದು?”

“ಅದೂ ಐತ್ರಿ,” ಎಂದ ಧನ್ಯಕುಮಾರ, ಸುಳ್ಳು ಹೇಳಲು ಬಾಯಿ ಬಾರದೆ.

“ಎರಡೂ ಕೂಡೇ ನಡೀತಾವೇನು?”

“ಇಲ್ರಿ. ಒಂದ ಬಂದ್ ಮಾಡಿ ಇನ್ನೊಂದ ಚಾಲೂ ಮಾಡಬೇಕು.”

ಬಾಪುಸಾಹೇಬರ ಮುಖದಲ್ಲಿ ಎಷ್ಟೋ ವರ್ಷಗಳ ಮುಕಾದಮ ಎದ್ದು ನಿಂತ. “ಹಂಗಂದ್ರ ಪಾಳಿ! ಮುಂಜಾನಿಂದ ಹೊತ್ತ ಮುಳಗೂತನಕ ಹಳೇದು, ಗಂಡಸರಿಗೆ. ಹೊಸಾದು…”

“ಹೊಸಾದು ನಮಗ,” ಎಂದಳು ಇಂದುಬಾಯಿ. “ಹೊತ್ತ ಮುಳಗೂದ್ರಾಗ ನನ್ನ ಒಲಿ ಆರತೈತಿ. ಆಮ್ಯಾಲೆ ನನಗೇನ ಕೆಲಸಾ? ಬಾ ಮಾಯವ್ವಾ, ಕೂಡ್ರ. ನಿನ್ನ ಒಲಿ ಎಂಟರ ಮ್ಯಾಲ ಹೊತ್ತಲಿ.” ದಿನವಿಡೀ ಗೊಣಗಿದ್ದ ಅವ್ವ ಬೀರಸಿದ್ದಪ್ಪನನ್ನು ಎಬ್ಬಿಸಿ ಕುರ್ಚಿ ಹಿಡಿದೇಬಿಟ್ಟಳು.

“ಅಪ್ಪಾ, ನಾಳೆ ನಂದ ಪಾಠ ಐತ್ರಿ!” ಧನ್ಯಕುಮಾರ ಕುರ್ಚಿಯ ಬೆನ್ನು ಹಿಡಿದ. “ನನ್ನ ಪಾಳಿ ಯಾವಾಗ?”

“ನಿನ್ನ ಬಿಡ್ತೀನೇನೋ? ಮೂರನೇ ಪಾಳಿ ಪೂರಾ ನಿಂದ. ಎಂಟಕ್ಕ ಚಾಲೂ, ಬೆಳತನಕ. ಒಬ್ಬರೂ ತಕರಾರ ಮಾಡೂದಿಲ್ಲ.”

ಇಂದುಬಾಯಿ ಪರದೆಯಿಂದ ಕಣ್ಣು ತೆಗೆಯದೆ, “ಮ್ಯಾಣಬತ್ತಿ ಗ್ವಾಡೀ ಮಾಡದಾಗ ಐತಿ ನೋಡಪಾ,” ಎಂದಳು.