ಹತ್ತು ನಿಮಿಷಗಳ ಮಿತ್ರಕೂಟ

ಜಗತ್ತಿನ ಮಹಾಮಹಾ ರಾಷ್ಟ್ರಗಳು ಒಂದನ್ನೊಂದು ನಂಬಲಾರದೆ, ನಂಬದೆ ಇರಲೂ ಆರದೆ, ಒಪ್ಪಂದದ ಕಾಗದಗಳನ್ನು ಎದೆಗವಚಿಕೊಂಡು ಕೂತಿದ್ದ ಕಲಿಯುಗದ ಆ ಸಂಧಿಕಾಲದಲ್ಲಿ, ಬೈಲಹೊಂಗಲ ಪೇಟೆಯ ವಾಚನಾಲಯದ ಮಹಡಿಯ ಮೇಲೆ, ಎಂಟು ಫ್ಯಾನುಗಳಲ್ಲಿ ಐದು ತಿರುಗುವ ಸಭಾಮಂದಿರದಲ್ಲಿ, ಒಂದೇ ಒಂದು ಮೈಕಿಗಾಗಿ ನಡೆದ ಘೋರ ಸಂಗ್ರಾಮವನ್ನು ಹೇಳುತ್ತೇನೆ. ವಾಗ್ದೇವಿಯೇ, ನಾಲಗೆಯ ಮೇಲೆ ನಿಲ್ಲು. ಆದರೆ ಬಹಳ ಹೊತ್ತು ನಿಲ್ಲಬೇಡ. ಬಹಳ ಹೊತ್ತು ನಿಂತದ್ದರಿಂದಲೇ ಈ ಕಥೆ ಹುಟ್ಟಿತು.

ವೇದಿಕೆಯ ಹಿಂದೆ ಬ್ಯಾನರು: ‘ನ್ಯಾಟೋ ಮಿತ್ರಕೂಟ: ಬದಲಾದ ಸವಾಲುಗಳು, ಬದಲಾಗಬೇಕಾದ ರಣತಂತ್ರ. ತಜ್ಞರ ಬಹಿರಂಗ ಚರ್ಚೆ.’ ತಜ್ಞರು ಮೂವರು. ತಲೆಗೆ ಹತ್ತು ನಿಮಿಷ. ಮೊದಲನೆಯವನು ಅಕ್ಷಯವಾಗ್ಬಾಣತೂಣೀರಧಾರಿ, ಗಡಿಯಾರತಿರಸ್ಕಾರಧುರೀಣ, ಪ್ರೊಫೆಸರ್ ಗುರುಪಾದ ಕಲ್ಮಠ. ಎರಡನೆಯವಳು ಭೂಪಟಪಾಣಿಯಾದ ನಿವೃತ್ತ ಭೂಗೋಳದ ಶಿಕ್ಷಕಿ ಶಾಂತಕ್ಕ ಮೆಳವಂಕಿ. ಕೊನೆಯವನೇ ನಮ್ಮ ಕಥಾನಾಯಕ, ಹಿಮಶಿಖರಸೀಮಾಸಂರಕ್ಷಕನೂ ಈಗ ಹಿರೇಮಡ್ಡಿಯಲ್ಲಿ ನಾಲ್ಕು ಎಮ್ಮೆಗಳ ಅಧಿಪತಿಯೂ ಆದ ನಿವೃತ್ತ ಸುಬೇದಾರ ಬಾಳನಗೌಡ ತೋರಗಲ್ಲ. ಮೂರು ತಿಂಗಳು ಕೂತು ಬರೆದ ಎಂಟು ಹಾಳೆ ಅವನ ಜೇಬಿನಲ್ಲಿ. ಮೊದಲ ಸಾಲಿನ ಕುರ್ಚಿಯಲ್ಲಿ ಅವನ ಹೆಂಡತಿ ನೀಲವ್ವ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಗಂಡ ಫೌಜಿನ ಒಂದು ಮಾತನ್ನೂ ಮನೆಯಲ್ಲಿ ಆಡಿದವನಲ್ಲ. ಇವತ್ತಾದರೂ ಕೇಳೋಣವೆಂದು ಬಂದಿದ್ದಳು.

“ಆರೂಕಾಲಿನ ಬಸ್ಸ ತಪ್ಪಿದ್ರ ಎಮ್ಮಿ ಹಿಂಡಾವ್ರು ಯಾರು?” ಎಂದು ಆಕೆ ಮೊದಲೇ ಸಾರಿದ್ದಳು. “ನಿಮ್ಮ ಪಾಳಿ ಬರ್ಲಿ ಬಿಡ್ಲಿ, ಆರು ಹೊಡದ ಮ್ಯಾಲ ನಾ ಕುಂದ್ರಂಗಿಲ್ಲ ನೋಡ್ರಿ.”

ನಾಲ್ಕೂವರೆಗೆ ಪ್ರೊಫೆಸರನು ಮೈಕನ್ನು ಹಿಡಿದನು. “ಮಹನೀಯರೇ, ನಾನು ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ” ಎಂದನು. ಇದೇ ಸಭಾಮಂದಿರದಲ್ಲಿ ಹನ್ನೊಂದು ವರ್ಷದ ಹಿಂದೆ ಇದೇ ಮಾತಾಡಿ ಆತ ಒಂದು ಮದುವೆಯ ಮುಹೂರ್ತ ಮೀರಿಸಿದ್ದನ್ನು ಬಲ್ಲವರು ಕುರ್ಚಿಗೆ ಒರಗಿ ಕೂತರು. “ಈ ಕೂಟದ ಪ್ರಾಣಸೂತ್ರವೇನು? ಒಬ್ಬನ ಮೇಲೆ ಬಿದ್ದ ಏಟು ಎಲ್ಲರ ಮೇಲೆ ಬಿದ್ದಂತೆ!” ಎಂದು ಗರ್ಜಿಸಿ, ಸಮುದ್ರಗಳನ್ನು ದಾಟುತ್ತ, ಕ್ಷಿಪಣಿಗಳನ್ನು ಎಣಿಸುತ್ತ, ಐದಕ್ಕೆ ಹತ್ತು ನಿಮಿಷವಿದ್ದಾಗಲೂ ಪೀಠಿಕೆಯಲ್ಲೇ ಇದ್ದನು.

ಚಹಾದ ತಟ್ಟೆ ಬಂದಾಗ ಶಾಂತಕ್ಕ ಪಿಸುಗುಟ್ಟಿದಳು: “ಸುಬೇದಾರ್ರ, ನನ್ನ ಹತ್ತು ನಿಮಿಷ ನುಂಗ್ಯಾರ. ಈಗ ನಿಮ್ಮುವಕ್ಕ ಕೈ ಹಚ್ಚ್ಯಾರ.”

ಆಗ ವೀರನ ಮೀಸೆಯು ನೆಟ್ಟಗಾಯಿತು. “ಅಕ್ಕಾರ, ಹದಿನೆಂಟು ಸಾವಿರ ಫೂಟಿನ ಮ್ಯಾಲ ನಿಂತಾಂವ ನಾನು. ನನ್ನ ನೋಡಿ ಬರ್ಫ ಹಿಂದ ಸರದೈತಿ. ಈ ಮನಶ್ಯಾ ಸರಿಯಂಗಿಲ್ಲೇನು? ಅವ್ರು ಹೇಳಿದ್ದ ಸೂತ್ರಾನ ಹಿಡಿಯೂಣು. ಇವತ್ತಿಂದ ನಿಮ್ಮ ನಿಮಿಷ ನಂದು, ನನ್ನ ನಿಮಿಷ ನಿಮ್ದು.”

ಒಂದು ಬಿಸ್ಕೀಟನ್ನು ಎರಡು ತುಂಡು ಮಾಡಿ ತಿಂದು, ಇಬ್ಬರೂ ಒಪ್ಪಂದಕ್ಕೆ ಬದ್ಧರಾದರು.

ಮೊದಲು ಚೀಟಿಯಸ್ತ್ರ. ‘ಸಮಯ’ ಎಂದು ಬರೆದು ಮುಂದೆ ಸರಿಸಿದರು. ಪ್ರೊಫೆಸರನು ಓದಿ, “ಒಳ್ಳೆಯ ಪ್ರಶ್ನೆ. ಯುದ್ಧದಲ್ಲಿ ಸಮಯದ ಮಹತ್ವವೇನು?” ಎಂದು ಹನ್ನೆರಡು ನಿಮಿಷ ಉತ್ತರಿಸಿದನು. ಆಮೇಲೆ ಚಪ್ಪಾಳೆಯಸ್ತ್ರ. ಸಭೆಯೆಲ್ಲ ದಣಿಯುವವರೆಗೆ ತಟ್ಟಿತು. ಆತ ಕೈಮುಗಿದು, ನೀರು ಕುಡಿದು, ಹುರುಪಿನಿಂದ ಮುಂದುವರಿದನು.

“ಶಾಲು ಹೊಚ್ಚೂಣು,” ಎಂದಳು ಶಾಂತಕ್ಕ.

ಇದು ಬ್ರಹ್ಮಾಸ್ತ್ರ. ಆ ಊರಿನಲ್ಲಿ ಭಾಷಣ ಮುಗಿದ ಮೇಲೆಯೇ ಶಾಲು. ಶಾಲು ಬಿದ್ದ ಮೇಲೆ ಯಾರೂ ಭಾಷಣ ಮುಂದುವರಿಸಿದ್ದಿಲ್ಲ. ಸುಬೇದಾರನು ಎದ್ದು, ಕೊನೆಯ ಸನ್ಮಾನಕ್ಕೆಂದು ಮೇಜಿನ ಮೇಲಿಟ್ಟಿದ್ದ ಸಾಮಗ್ರಿಯನ್ನು ಎತ್ತಿಕೊಂಡು, ಬೂಟು ಸದ್ದು ಮಾಡುತ್ತ ನಡೆದು, ವಾಕ್ಯದ ನಡುವೆಯೇ ವೈರಿಯ ಹೆಗಲಿಗೆ ಶಾಲು ಹೊದಿಸಿ, ತಲೆಗೆ ಪೇಟ ಇಟ್ಟು, ಎರಡೂ ಕೈಗೆ ಹಣ್ಣಿನ ಬುಟ್ಟಿ ಕೊಟ್ಟನು. ಮೈಕು ಬರಿದಾಯಿತು. ಸಭೆ ಉಸಿರುಬಿಟ್ಟಿತು.

ಆದರೆ ಅಯ್ಯೋ, ಸನ್ಮಾನ ಮಾಡಿಸಿಕೊಂಡವನು ಸನ್ಮಾನಕ್ಕೆ ಉತ್ತರವಾಗಿ ಎರಡು ಮಾತಾಡಬೇಕೆಂಬ ಪದ್ಧತಿಯೂ ಅದೇ ಊರಿನದು. ಬಿಸ್ಕೀಟಿನ ಭರದಲ್ಲಿ ಮಿತ್ರರಿಬ್ಬರೂ ಅದನ್ನು ಮರೆತಿದ್ದರು. ಪ್ರೊಫೆಸರನು ಬುಟ್ಟಿಯನ್ನು ಸುಬೇದಾರನ ಕೈಗೇ ಕೊಟ್ಟು, ಪೇಟವನ್ನು ಸರಿಮಾಡಿಕೊಂಡು, “ನನ್ನ ಬಾಲ್ಯದಲ್ಲಿ...” ಎಂದು ಆರಂಭಿಸಿದನು.

ಆತ ಕೂತಾಗ ಆರು ಹೊಡೆಯುತ್ತಿತ್ತು. ನೀಲವ್ವ ಚೀಲ ಹಿಡಿದು ಎದ್ದಳು. ಸಭೆಯಲ್ಲಿ ಉಳಿದವರು ಒಂಬತ್ತು ಜನ. ಶಾಂತಕ್ಕ ಬಿಚ್ಚದ ಭೂಪಟವನ್ನು ತೊಡೆಯ ಮೇಲಿಟ್ಟುಕೊಂಡು ನುಡಿದಳು: “ನನ್ನ ಪಾಳಿನೂ ನಿಮಗ. ಲಗೂ ಏಳ್ರಿ, ಅಕಿ ಹೊಂಟ್ಳು.”

ಸುಬೇದಾರನು ಮೈಕಿಗೆ ಬಂದನು. ಹಾಳೆಗಳನ್ನು ಹೊರತೆಗೆಯಲಿಲ್ಲ.

“ನೀಲವ್ವಾ, ನಿಂದ್ರ. ಒಂದ ಮಾತು. ಪರದೇಶದ ಶಾಂತಿಪಡೆಯೊಳಗ ಇದ್ದಾಗ ಒಂದು ಗುಡ್ಡದ ಮ್ಯಾಲ ಠಾಣೆ ಇತ್ತು. ಬಾಜೂಕ ಬ್ಯಾರೆ ದೇಶದ ಸಿಪಾಯಿ. ಅವನ ಭಾಷಾ ನನಗ ಬರ್ತಿರಲಿಲ್ಲ, ನಂದು ಅವಗ. ಥಂಡಿಗೆ ನನ್ನ ಕಾಲು ಸೆಟದು ಹೋದುವು. ತನ್ನ ಉಣ್ಣಿ ಕಾಲಚೀಲ ಬಿಚ್ಚಿ ಕೊಟ್ಟ. ನಾ, ನೀ ಮಾಡಿ ಕಳಿಸಿದ್ದ ಶೇಂಗಾ ಚಟ್ನಿ ಡಬ್ಬಿ ಕೊಟ್ಟೆ. ಮಿತ್ರಕೂಟ ಅಂದ್ರ ನನಗ ಗೊತ್ತಿದ್ದದ್ದು ಅಷ್ಟ.”

ಬಾಗಿಲಲ್ಲಿ ನಿಂತ ನೀಲವ್ವ ಕೇಳಿದಳು: “ಡಬ್ಬಿ ಪೂರಾ ಕೊಟ್ರಿ?”

“ಪೂರಾ.”

“ಮತ್ತ ದಿನಾ ತಿಂದೆ, ಭಾಳ ಚಲೋ ಇತ್ತು ಅಂತ ಪತ್ರ ಬರದಿದ್ರಿ?”

ಕೇಳಿದವಳೇ ನೀಲವ್ವ ತಿರುಗಿ ಮೆಟ್ಟಿಲಿಳಿದಳು. ವೀರನು ಮೈಕು ಬಿಟ್ಟು ಅವಳ ಹಿಂದೆ ಓಡಿದನು.

ಬಸ್ಸು ಸಿಕ್ಕಿತು. ಎರಡು ನಿಲ್ದಾಣ ದಾಟುವವರೆಗೆ ನೀಲವ್ವ ಹೊರಗೆ ನೋಡುತ್ತಿದ್ದಳು.

“ಆ ಕಾಲಚೀಲ, ಬೂದಿ ಬಣ್ಣ, ಕೆಂಪು ಪಟ್ಟೀವೇನು?”

“ಹೂಂ. ಟ್ರಂಕಿನ ತಳದಾಗ ಜ್ವಾಕಿಲೆ ಇಟ್ಟೇನಿ.”

“ಈಗ ಇಲ್ಲ ಅಲ್ಲಿ. ಒಲಿ ಮ್ಯಾಲಿಂದ ರೊಟ್ಟಿ ಹಂಚು ಇಳಸಾಕ ನಾ ತಗೊಂಡೇನಿ. ಒಂಬತ್ತು ವರ್ಷ ಆತು.”

ಹಿಮಶಿಖರಸೀಮಾಸಂರಕ್ಷಕನು ಎಂಟು ಹಾಳೆಗಳನ್ನು ಹೊರತೆಗೆದು, ನಾಲ್ಕು ಮಡಿಕೆ ಮಾಡಿ, ಬಡಬಡ ಬಡಿದುಕೊಳ್ಳುತ್ತಿದ್ದ ಕಿಟಕಿಯ ಸಂದಿಗೆ ತುರುಕಿದನು. ಗಾಜು ಸುಮ್ಮನಾಯಿತು.